ನಲ್ಲಿ ತಿರುಗಿಸಿದ ಕೈ

ನಲ್ಲಿ ತಿರುಗಿಸಿದವರ ಮನಸ್ಸು ನೀರಿಗೂ ಇಳಿಯತೊಡಗಿದ ಮೇಲೆ ಮೀನು ಸಾಕುವವರಿಗೆ ಒಂದು ಕೆಲಸ ಹೆಚ್ಚಾಗಿತ್ತು. ಕ್ಲೋರಿನ್ನಿಗೆ ಎರಡು ಹನಿ ಔಷಧಿ ಸಾಕು, ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಪರೀಕ್ಷೆಯ ಪಟ್ಟಿ ಅದ್ದಿ ನೋಡಬೇಕು, ಕೆಂಪಾದರೆ ನೀರನ್ನು ಚೆಲ್ಲಬೇಕು.

ವಿಮಲಾಕ್ಷಿ ಮತ್ತೊಂದು ಬಕೆಟ್ ಚೆಲ್ಲಿದಳು. ತಪ್ಪು ಅವಳದಲ್ಲ, ಮಹಡಿಯ ಮೇಲಿನ ವಾರಗಿತ್ತಿ ಕುಮುದಾಳದು. ಅವಳ ತೊಟ್ಟಿಯಲ್ಲಿ ಗಪ್ಪಿಗಳು ಮರಿಯ ಮೇಲೆ ಮರಿ ಹಾಕುತ್ತಿದ್ದವು. ಅತ್ತೆ ಬಂದವರನ್ನೆಲ್ಲ ಮೇಲಕ್ಕೆ ಕರೆದೊಯ್ದು ತೋರಿಸುತ್ತಿದ್ದರು. ಇಲ್ಲಿ ವಿಮಲಾಕ್ಷಿಯ ಒಂದೇ ಗೋಲ್ಡ್‌ಫಿಶ್ ಅರ್ಧಕ್ಕಿಳಿದ ನೀರಿನಲ್ಲಿ ಬಾಯಿ ಬಿಡುತ್ತಿತ್ತು.

ಅಷ್ಟರಲ್ಲಿ ಕುಮುದಾಳೇ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಳು.

“ಅಕ್ಕಾ, ಒಂದು ಬಕೆಟ್ ನೀರು ಹಿಡಿದುಕೊಡ್ತೀರಾ? ಒಂದು ವಾರದಿಂದ ನಾನು ಹಿಡಿದಿದ್ದೆಲ್ಲ ಕೆಂಪು.”

“ನಿನಗೆ ಯಾರ ಮೇಲಮ್ಮ ಹೊಟ್ಟೆಕಿಚ್ಚು?”

ಕುಮುದಾ ತಲೆ ತಗ್ಗಿಸಿದಳು. “ನಿಮ್ಮ ಮೇಲೇ ಅಕ್ಕಾ. ಅತ್ತೆ ಮೀನು ನನ್ನದು ತೋರಿಸ್ತಾರೆ, ಊಟಕ್ಕೆ ಮಾತ್ರ ನಿಮ್ಮ ಹತ್ರಾನೇ ಬರ್ತಾರೆ.”

ವಿಮಲಾಕ್ಷಿ ನಲ್ಲಿ ತಿರುಗಿಸಿ, ತನ್ನ ಬಕೆಟ್ ತುಂಬಿಸಿ, ಪಟ್ಟಿ ಅದ್ದಿದಳು. ಅದು ಮಲ್ಲಿಗೆಯಷ್ಟು ಬೆಳ್ಳಗೇ ಉಳಿಯಿತು.

“ತಾಳಮ್ಮ, ಕೊಡ್ತೀನಿ,” ಎಂದು ಎರಡು ಹನಿ ಔಷಧಿ ಬಿಟ್ಟು, ಆ ನೀರನ್ನು ಮೊದಲು ತನ್ನ ಮೀನಿಗೇ ಸುರಿದಳು.