ಗುಂಡಿಯಲ್ಲಿ ನೆಟ್ಟ ಲಕ್ಕಿ ಕೊಂಬೆ

ಚೌಕಾಸಿಯಲ್ಲಿ ಯಾರಿಗೂ ಸೋಲದ ನನಗೆ, ಬೇಲಿಯ ಲಕ್ಕಿ ಗಿಡದ ಸೊಪ್ಪಿನ ಘಾಟು ಬಡಿದರೆ ಇವತ್ತಿಗೂ ಮಾತು ನಿಂತುಹೋಗುತ್ತದೆ.

ಆಗ ನನಗೆ ಎಂಟು ವರ್ಷ. ಬನ್ನೂರು ರಸ್ತೆಯ ಇಳಿಜಾರಿನ ಕೆಳಗೆ ಕಬ್ಬಿನ ಗಾಡಿಗಳು ಕೊರೆದ ದೊಡ್ಡ ಗುಂಡಿಯಿತ್ತು. ಮಳೆನೀರು ತುಂಬಿದರೆ ಅದು ಕಾಣುತ್ತಿರಲಿಲ್ಲ. ಸೈಕಲ್ಲಿನವರು ಬೀಳದಿರಲೆಂದು ಯಾರೋ ಅದರಲ್ಲಿ ಲಕ್ಕಿ ಕೊಂಬೆ ನೆಟ್ಟಿದ್ದರು. ಅಂಥ ಕೊಂಬೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನು ಮೇಕೆ ಅಟ್ಟಲು ಕಿತ್ತೆ. ಮೇಕೆಯ ಬೆನ್ನ ಮೇಲೆ ಅದು ಮುರಿಯಿತು.

"ಅಯ್ಯೋ, ಅದ್ಯಾಕವ್ವ ಕಿತ್ತೆ? ನಿಮ್ಮಪ್ಪ ಬರೋ ಒತ್ತಾಯ್ತು!" ಎಂದಳು ಹುಲ್ಲು ಕೊಯ್ಯುತ್ತಿದ್ದ ಅಜ್ಜಿ.

ಇಳಿಜಾರಿನ ಮೇಲೆ ಬೆಲ್ಲು ಕೇಳಿಸಿತು. ಅಪ್ಪನ ಸೈಕಲ್ಲು. ಹಿಂದೆ ಅವ್ವ, ಅವಳ ಮಡಿಲಲ್ಲಿ ಮೂರು ತಿಂಗಳ ಕೂಸು. ಓಡಿಹೋಗಿ ಗುಂಡಿಗಿಳಿದು ಎರಡೂ ಕೈ ಮೇಲೆತ್ತಿ ನಿಂತೆ. ಕೆಸರು ನೀರು ತೊಡೆಯವರೆಗೆ ಬಂತು.

ಬ್ರೇಕು ಕಿರುಚಿತು. ಮುಂದಿನ ಚಕ್ರ ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಅಲ್ಯಾಕವ್ವ ನಿಂತಿದ್ದೀ?" ಎಂದ ಅಪ್ಪ.

"ಬೈಯಲ್ಲ ಅಂದ್ರೆ ಯೋಳ್ತೀನಿ."

ಅಪ್ಪ ನನ್ನ ಕೈಯಲ್ಲಿದ್ದ ಮುರುಕು ಕೋಲು ನೋಡಿದ. ತಿರುಗಿ ಕೂಸನ್ನು ನೋಡಿದ. ಬೈಯಲಿಲ್ಲ. ಬೇಲಿಯಿಂದ ಹೊಸ ಕೊಂಬೆ ಮುರಿದು ನನಗೆ ಕೊಟ್ಟ.

"ಆಳಕ್ಕೆ ನೆಡವ್ವ," ಎಂದ.