ವಾರಿಜಾಕ್ಷಿಯ ಮಂಕು ಮೀನು

ಕರೆಂಟು ಎಂಬುದು ಅಜ್ಜಿಕತೆಯಾಗಿ, ಮನೆಮನೆಯಲ್ಲೂ ಬೆಳಕಿನ ಮೀನು ಸಾಕುತ್ತಿದ್ದ ಕಾಲವದು. ಯಾರ ಮೀನು ಹೆಚ್ಚು ಹೊಳೆಯುತ್ತದೆಂದು ಉಳ್ಳಾಲದಲ್ಲಿ ವರ್ಷವರ್ಷವೂ ಸ್ಪರ್ಧೆ. ಕಿಟಕಿ ಮುಚ್ಚಿದ ಸಭಾಭವನದಲ್ಲಿ ತೀರ್ಪುಗಾರ ಲೋಕಯ್ಯ ಒಂದೊಂದೇ ಗಾಜಿನ ಭರಣಿಯ ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚುತ್ತಿದ್ದರು. ಹಿಂದೆಯೇ ಅವರ ಮಗಳು, ಅವಳ ತೋಳಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಾದ ಕೂಸು. ಲೋಕಯ್ಯನವರ ಮೀನುಗಳು ಮನೆಯಲ್ಲಿ ರಾತ್ರಿಯನ್ನೂ ಹಗಲು ಮಾಡಿದ್ದವು. ಭರಣಿಗೆ ಬಟ್ಟೆ ಹೊದೆಸಿದರೆ ಕೂಸು ಕತ್ತಲಿಗೆ ಹೆದರಿ ಚೀರುತ್ತಿತ್ತು.

ಕೊನೆಯ ಭರಣಿ ವಾರಿಜಾಕ್ಷಿಯದು. ಬಟ್ಟೆ ಸರಿಸಿದಾಗ ಚೆನ್ನಾಗಿಯೇ ಹೊಳೆದ ಮೀನುಗಳು, ಜನ ಸದ್ದಡಗಿಸಿ ನೋಡುತ್ತಿದ್ದಂತೆ ಮಂಕಾದವು. ಎಲ್ಲರೂ ಗೊಳ್ಳೆಂದು ನಕ್ಕರು. ಮೀನುಗಳು ಫಳ್ಳನೆ ಬೆಳಗಿದವು.

"ಇದೆಂತ ವಾರಿಜಕ್ಕ?" ಎಂದರು ಲೋಕಯ್ಯ.

"ನೀವೆಲ್ಲ ಮಂಕು ಮರಿ ಅಂತ ಬಾವಿಗೆ ಬಿಸಾಡ್ತೀರಲ್ಲ, ಅದನ್ನೇ ನಾನು ಕೇಳಿ ತಂದು ಸಾಕಿದ್ದು. ಸದ್ದು ನಿಂತ್ರೆ ಅವಕ್ಕೆ ನಿದ್ದೆ, ಅಷ್ಟೇ. ಅಂಥ ಜೋಡಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದೆ. ಆ ಕೂಸನ್ನು ಒಮ್ಮೆ ಕೊಡಿ ಇಲ್ಲಿ."

ಅವಳು ಕೂಸನ್ನು ಮಡಿಲಿಗೆ ಹಾಕಿಕೊಂಡು ಗುನುಗತೊಡಗಿದಳು. ದನಿ ಇಳಿದಂತೆ ಬೆಳಕೂ ಇಳಿಯಿತು. ಪೂರ್ತಿ ಆರಲಿಲ್ಲ, ಅವಳ ಮುಖ ಕಾಣುವಷ್ಟು ಉಳಿಯಿತು. ಆ ಮುಖವನ್ನೇ ನೋಡುತ್ತ ಕೂಸು ಕಣ್ಣು ಮುಚ್ಚಿತು. ಜೀವಮಾನವಿಡೀ ಬೆಳಕು ಹೆಚ್ಚಿಸುವುದನ್ನಷ್ಟೇ ಕಲಿತಿದ್ದ ಲೋಕಯ್ಯ ಬೆರಗಾಗಿ ನಿಂತರು.

ಗೆದ್ದವರ ಹೆಸರು ಕೂಗುವ ಮೊದಲು ಜಾಗಟೆ ಬಾರಿಸುವುದು ಅಲ್ಲಿಯ ಪದ್ಧತಿ. ಲೋಕಯ್ಯ ಜಾಗಟೆ ಎತ್ತಿಕೊಂಡರು, ಮೊಮ್ಮಗುವಿನತ್ತ ನೋಡಿದರು, ಮೆಲ್ಲಗೆ ಕೆಳಗಿಟ್ಟರು. ಆಮೇಲೆ ವಾರಿಜಾಕ್ಷಿಯ ಕಿವಿಯ ಬಳಿ ಬಗ್ಗಿ, "ನಿಮಗೇ ಫಸ್ಟು" ಎಂದು ಪಿಸುಗುಟ್ಟಿದರು.

ಒಂದು ಮೀನಿಗೂ ಎಚ್ಚರವಾಗಲಿಲ್ಲ.