ಹಾಕಿದ ಬಾಗಿಲು

ತಟ್ಟಲು ಎತ್ತಿದ ಅತ್ತೆಯ ಕೈ ಬಾಗಿಲ ಮುಂದೆ ಹಾಗೇ ನಿಂತಿತು. ದೂರದೇಶದಿಂದ ಬಂದ ಹೊಸ ಸೊಸೆ ಊಟವಾದ ಕೂಡಲೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ನಿನ್ನೆಯೂ ಹಾಗೆಯೇ. ತಾನು ಏನು ಅಂದುಬಿಟ್ಟೆ ಎಂದು ಎಷ್ಟು ತಲೆ ಕೆಡಿಸಿಕೊಂಡರೂ ಅತ್ತೆಗೆ ಹೊಳೆಯಲಿಲ್ಲ. ಈ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡರೆ ಯಾರೋ ಮುನಿಸಿಕೊಂಡಿದ್ದಾರೆ ಎಂದೇ ಅರ್ಥ. ಕೊನೆಗೆ ಧೈರ್ಯ ಮಾಡಿ ತಟ್ಟಿದರು.

ಸೊಸೆ ಪುಸ್ತಕ ಹಿಡಿದೇ ಬಂದು ತೆರೆದಳು.

"ನನ್ನ ಮೇಲೆ ಕೋಪಾನಾ ಮಗಳೇ?"

"ಕೋಪಾನಾ? ಯಾಕತ್ತೆ?" ಸೊಸೆ ಕಕ್ಕಾಬಿಕ್ಕಿಯಾದಳು. "ನಮ್ಮನೇಲಿ ಎಲ್ಲರೂ ಹೀಗೇ ಸ್ವಲ್ಪ ಹೊತ್ತು ಬಾಗಿಲು ಹಾಕ್ಕೊಂಡು ಕೂರ್ತೀವಿ. ನೆಮ್ಮದಿಗೆ. ಅಮ್ಮಾನೂ ಅಷ್ಟೇ."

"ನಿಮ್ಮಮ್ಮಾನೂ? ಯಾರೂ ಕರೆಯಲ್ವಾ?"

"ಬಾಗಿಲು ಹಾಕಿದ್ರೆ ಯಾರೂ ಕರೆಯಲ್ಲ."

ಅತ್ತೆ ಒದ್ದೆ ಕೈ ಒರೆಸಿಕೊಂಡು ಒಳಗೆ ಬಂದು, ಮಂಚದ ತುದಿಯಲ್ಲಿ ಕೂತರು. "ಹಾಕು, ಹೇಗಿರುತ್ತೆ ನೋಡೋಣ."

ಸೊಸೆ ಚಿಲಕ ಹಾಕಿ ಮತ್ತೆ ಓದಲು ಕೂತಳು. ಅತ್ತೆ ಮೆಲ್ಲಗೆ ಕಾಲು ಚಾಚಿದರು. ಅಷ್ಟರಲ್ಲಿ ಮಾವನ ಹೆಜ್ಜೆ ಸದ್ದು ಬಾಗಿಲವರೆಗೆ ಬಂದು ನಿಂತಿತು.

"ಏನ್ರಮ್ಮಾ, ಇಬ್ಬರೂ ಒಟ್ಟಿಗೇ ಮುನಿಸಿಕೊಂಡ್ರಾ? ನಾನೇನು ಮಾಡಿದೆ?"

ಸೊಸೆ ಗಾಬರಿಯಿಂದ ಎದ್ದಳು. ಅತ್ತೆ ಅವಳ ಕೈ ಹಿಡಿದು ಕೂರಿಸಿ, "ಇರು, ಇನ್ನೊಂಚೂರು ಹೊತ್ತು" ಎಂದು ಪಿಸುಗುಟ್ಟಿದರು.